ಡಾಕ್ಟ್ರೇ, ಆ ಒಂದು ಪ್ರಶ್ನೆಯನ್ನೂ ಕೇಳಿ

ಕೊಡಗು ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ, ಜಿಲ್ಲೆಯಲ್ಲಿ ಖಿನ್ನತೆಗೆ ಮಾತ್ರೆ ಬರೆಯುವ ಎಲ್ಲ ವೈದ್ಯರಿಗೆ, ಆ ಮಾತ್ರೆ ಕೊಡುವ ಮೆಡಿಕಲ್ ಶಾಪಿನವರಿಗೆ,

ನಮಸ್ಕಾರ.

ನಾನು ಮಾದಾಪುರ ಕಡೆಯವಳು. ನಮ್ಮದು ಸಣ್ಣ ಕಾಫಿ ತೋಟ. ವಯಸ್ಸು 47. ತವರು ಅರಕಲಗೂಡು ಹತ್ತಿರ, ಮದುವೆಯಾಗಿ ಇಲ್ಲಿಗೆ ಬಂದು 24 ವರ್ಷ ಆಯಿತು. ಖಿನ್ನತೆಗೆ ಮಾತ್ರೆ ತೆಗೆದುಕೊಂಡವಳು, ಈಗಲೂ ತೆಗೆದುಕೊಳ್ಳುತ್ತಿದ್ದೇನೆ. ಈ ಪತ್ರ ಆ ಮಾತ್ರೆಗಳ ಒಂದು ಅಡ್ಡ ಪರಿಣಾಮದ ಬಗ್ಗೆ. ಗಂಡ ಹೆಂಡತಿ ಸೇರುವ ವಿಷಯದಲ್ಲಿ ಅವು ಏನು ಮಾಡುತ್ತವೆ ಎನ್ನುವುದರ ಬಗ್ಗೆ. ಒಬ್ಬರ ಮುಂದೆ ಕೂತು ಹೇಳೋಣ ಎಂದರೆ ನನಗೆ ಎರಡು ವರ್ಷ ಬಾಯಿ ಬರಲಿಲ್ಲ. ಅದಕ್ಕೇ ಈಗ ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ.

ಮೊದಲೇ ಒಂದು ಮಾತು. ಮಾತ್ರೆ ಬೇಡ ಅಂತ ನಾನು ಹೇಳುತ್ತಿಲ್ಲ. ಮಾತ್ರೆ ಇಲ್ಲದಿದ್ದರೆ ಈ ಪತ್ರ ಬರೆಯಲು ನಾನೇ ಇರುತ್ತಿರಲಿಲ್ಲ. ಇದನ್ನು ಓದುವವರಲ್ಲಿ ಯಾರಾದರೂ ಅಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ದಯವಿಟ್ಟು ಇವತ್ತು ರಾತ್ರಿಯದನ್ನೂ ತೆಗೆದುಕೊಳ್ಳಿ. ನಾನು ಸುಮ್ನೆ ನಿಲ್ಲಿಸಿ ಏನಾಯಿತು ಎಂದು ಮುಂದೆ ಹೇಳುತ್ತೇನೆ.

2018ರ ಆಗಸ್ಟ್‌ನಲ್ಲಿ ನಮ್ಮ ಕಡೆ ಗುಡ್ಡ ಜಾರಿದ್ದು ನಿಮಗೆಲ್ಲ ಗೊತ್ತು. ಮಕ್ಕಂದೂರು, ಹಟ್ಟಿಹೊಳೆ, ಮುಕ್ಕೋಡ್ಲು, ಆ ಕಡೆ ಜೋಡುಪಾಲ. ನಮ್ಮ ಮನೆ ಉಳಿಯಿತು. ತೋಟದ ಕೆಳಗಿನ ಎರಡು ಎಕರೆ ಹೊಳೆ ಪಾಲಾಯಿತು. ಮಾವ ಕೈಯಾರೆ ನೆಟ್ಟ ರೋಬಸ್ಟಾ ಗಿಡ, ಸಿಲ್ವರ್ ಮರ, ಅದಕ್ಕೆ ಹಬ್ಬಿದ ಕರಿಮೆಣಸು, ಎಲ್ಲ ಒಂದೇ ಬೆಳಗ್ಗೆ ಕೆಸರಾಗಿ ಇಳಿದುಹೋಯಿತು. ಆಗ ನಾನು ಅಳಲಿಲ್ಲ. ಪರಿಹಾರ ಕೇಂದ್ರದಲ್ಲಿ ನಿಂತು ಬೇರೆಯವರಿಗೆ ಅನ್ನ ಬಡಿಸಿದೆ. ಕುಸಿದದ್ದು ಮುಂದಿನ ವರ್ಷದ ಮಳೆಗೆ. ಶೀಟಿನ ಮೇಲೆ ಮಳೆ ಬಿದ್ದರೆ ಎದೆ ಹಿಡಿದ ಹಾಗಾಗುತ್ತಿತ್ತು. ರಾತ್ರಿ 3 ಗಂಟೆಗೆ ಎಚ್ಚರವಾದರೆ ಮತ್ತೆ ನಿದ್ದೆ ಇಲ್ಲ. ಅನ್ನ ಸೇರದು. ಮಗಳು ಮಾತಾಡಿಸಿದರೆ ಉತ್ತರ ಕೊಡಲೂ ಭಾರ.

ಒಂದು ಊರಿನ ಆಸ್ಪತ್ರೆಗೆ ಹೋದೆವು. ಯಾವ ಊರು, ಯಾವ ಆಸ್ಪತ್ರೆ ಎಂದು ಬರೆಯುವುದಿಲ್ಲ. ಆ ಡಾಕ್ಟರು ಕೆಟ್ಟವರಲ್ಲ. ಹೊರಗೆ ಬೆಂಚು ತುಂಬ ಜನ. ಒಳಗೆ ನಾನು ಸ್ಟೂಲ್ ಮೇಲೆ ಕೂತಿದ್ದರೆ ನನ್ನ ಬೆನ್ನ ಹಿಂದೆಯೇ ಮುಂದಿನ ಇಬ್ಬರು ಚೀಟಿ ಹಿಡಿದು ನಿಂತಿದ್ದರು. ಎಸ್ಸಿಟಾಲೊಪ್ರಾಮ್ 10 ಮಿಲಿಗ್ರಾಂ, ರಾತ್ರಿ ಊಟ ಆದಮೇಲೆ. "ಮೊದಲು ಸ್ವಲ್ಪ ಹೊಟ್ಟೆ ತೊಳಸಬಹುದು, ತಲೆನೋವು ಬರಬಹುದು. ನೀವಾಗೇ ನಿಲ್ಲಿಸಬೇಡಿ," ಎಂದರು. ಅಷ್ಟು ಹೇಳಿದ್ದಕ್ಕೆ ಅವರಿಗೆ ನಾನು ಋಣಿ. ಹೊಟ್ಟೆ ತೊಳಸಿದಾಗ ನಾನು ಹೆದರಲಿಲ್ಲ, ಅವರು ಮೊದಲೇ ಹೇಳಿದ್ದರು ಅಲ್ವಾ.

ಮೆಡಿಕಲ್‌ನಲ್ಲಿ ಹದಿನೈದು ಮಾತ್ರೆ ಕೇಳಿದೆವು. ಹುಡುಗ ಒಂದು ಪೂರ್ತಿ ಸ್ಟ್ರಿಪ್ ಕೊಟ್ಟು, ಇನ್ನೊಂದರಿಂದ ಐದು ಮಾತ್ರೆ ಕತ್ತರಿಯಲ್ಲಿ ಕತ್ತರಿಸಿ, ಕಾಗದದ ಕವರಿಗೆ ಹಾಕಿದ. ಮಾತ್ರೆಯ ಬಗ್ಗೆ ಬರೆದಿರುವ, ಹತ್ತು ಮಡಿಕೆ ಮಡಚಿದ ಆ ತೆಳು ಹಾಳೆ ಇರುತ್ತದಲ್ಲ, ಅದು ರಟ್ಟಿನ ಡಬ್ಬಿಯಲ್ಲೇ ಉಳಿಯಿತು. ಕೊಟ್ಟಿದ್ದರೂ ನನಗೆ ಓದಲು ಆಗುತ್ತಿರಲಿಲ್ಲ ಅನ್ನಿ. ಇರುವೆ ಸಾಲಿನಂಥ ಇಂಗ್ಲಿಷ್ ಅಕ್ಷರ.

ಎರಡನೇ ವಾರಕ್ಕೆ ಮೈಯಲ್ಲಿ ಏನೋ ಆರಿಹೋಯಿತು. ಹೇಗೆ ಬರೆಯಲಿ? ಹಲ್ಲು ಕೀಳುವ ಮುಂಚೆ ಇಂಜೆಕ್ಷನ್ ಕೊಟ್ಟಾಗ ತುಟಿ ಇದ್ದೂ ಇಲ್ಲದ ಹಾಗೆ ಇರುತ್ತದಲ್ಲ, ಹಾಗೆ. ಕೈ ತಾಗಿದ್ದು ಗೊತ್ತಾಗುತ್ತದೆ, ಅಷ್ಟೇ. ಆಸೆ ಬರುತ್ತಿರಲಿಲ್ಲ. ಬಂದ ಹಾಗೆ ಅನಿಸಿದ ಒಂದೆರಡು ರಾತ್ರಿ ಎಷ್ಟು ಹೊತ್ತಾದರೂ ಆ ಸುಖದ ತುದಿ ಸಿಗುತ್ತಿರಲಿಲ್ಲ. ಒಣಗಿ ಉರಿಯುತ್ತಿತ್ತು. ಇನ್ನು ಸಾಕು ಎನ್ನುವ ಹಾಗೆ ಆಗುತ್ತಿತ್ತು.

ಮನಸ್ಸು ಮಾತ್ರ ನಿಧಾನಕ್ಕೆ ಮೇಲೆ ಬಂತು. ಐದು ವಾರ ಆದಮೇಲೆ ಒಂದು ಬೆಳಗ್ಗೆ ಕೋಳಿಗೂಡು ತೆಗೆಯುವಾಗ ನಾನು ಏನೋ ಹಾಡು ಗುನುಗುತ್ತಿದ್ದೆನಂತೆ. ಮಗಳು ಒಳಗೆ ಓಡಿಹೋಗಿ ಅಪ್ಪನಿಗೆ ಹೇಳಿದ್ದಳು.

ಹಾಡು ಬಂತು, ಇದು ಹೋಯಿತು. ಎರಡೂ ಒಂದೇ ಮಾತ್ರೆಯ ಕೆಲಸ ಎಂದು ನನಗೆ ಹೊಳೆಯಲೇ ಇಲ್ಲ. ನಲವತ್ತು ದಾಟಿತು, ಇನ್ನು ಇಷ್ಟೇ ಅಂದುಕೊಂಡೆ. ನನ್ನ ಗಂಡ ಏನೂ ಕೇಳಲಿಲ್ಲ. ಒಂದು ರಾತ್ರಿ ದಿಂಬು ಎತ್ತಿಕೊಂಡು ಹಾಲಿನ ಮಂಚಕ್ಕೆ ಹೋದರು. "ನನಗೆ ಗೊರಕೆ ಜಾಸ್ತಿ, ನಿನಗೆ ನಿದ್ದೆ ಮುಖ್ಯ" ಎಂದರು. ಅವರ ಮನಸ್ಸಿನಲ್ಲಿ ಇದ್ದದ್ದು ಬೇರೆ. ತೋಟ ಕಳೆದುಕೊಂಡ ಗಂಡಸು ಎಂದು ಹೆಂಡತಿಗೆ ನನ್ನ ಮೇಲಿನ ಮನಸ್ಸು ಹೋಗಿದೆ ಎಂದು ಅವರು ತಿಳಿದುಕೊಂಡಿದ್ದರು. ಇದು ನನಗೆ ಗೊತ್ತಾಗಿದ್ದು ಎರಡು ವರ್ಷ ಬಿಟ್ಟು. ಒಂದೇ ಗೋಡೆಯ ಆಚೆ ಈಚೆ ಮಲಗಿ ಇಬ್ಬರೂ ತಪ್ಪು ಲೆಕ್ಕ ಹಾಕಿಕೊಂಡು ಬೇಯುತ್ತಿದ್ದೆವು.

ಮಾತ್ರೆ ಬಿಟ್ಟರೆ ಏನಾಗಬಹುದು, ನೋಡೋಣ ಎಂದು 2020ರ ಜನವರಿಯಲ್ಲಿ ಬಿಟ್ಟೆ. ಯಾರಿಗೂ ಹೇಳಲಿಲ್ಲ. ಕೊಯ್ಲಿನ ಕಾಲ. ಮೂರನೇ ದಿನ ಕಣದಲ್ಲಿ ಕಾಫಿ ಹರಡುತ್ತಿದ್ದೆ. ಕಣ್ಣು ಪಕ್ಕಕ್ಕೆ ಹೊರಳಿಸಿದರೆ ಸಾಕು, ತಲೆಯೊಳಗೆ ಸಣ್ಣಗೆ ಕರೆಂಟ್ ಹೊಡೆದ ಹಾಗೆ. ಜುಂಯ್, ಜುಂಯ್. ನೆಲ ತೇಲುತ್ತಿತ್ತು. ಹಲಗೆ ಊರಿಕೊಂಡು ಹಾಗೇ ಕಣದ ಮಧ್ಯೆ ಕೂತುಬಿಟ್ಟೆ. ಕೆಲಸದ ಹೆಂಗಸರು ಬಿಸಿಲು ಅಂದುಕೊಂಡು ನೀರು ತಂದುಕೊಟ್ಟರು. ಇಂಥ ಮಾತ್ರೆಗಳನ್ನು ಥಟ್ಟನೆ ಬಿಟ್ಟರೆ ಹೀಗಾಗುವುದು ಎಲ್ಲ ವೈದ್ಯರಿಗೂ ಗೊತ್ತಿರುವ ವಿಷಯ. ವಾರಗಟ್ಟಲೆ ಸ್ವಲ್ಪ ಸ್ವಲ್ಪ ಕಡಿಮೆ ಮಾಡಿಕೊಂಡು ಬರಬೇಕು.

ಎರಡು ವಾರಕ್ಕೆ ಕರೆಂಟ್ ನಿಂತಿತು. ಒಂದು ತಿಂಗಳಿಗೆ ಮೈ ತಿರುಗಿ ನನ್ನದಾಯಿತು. ಮಾತ್ರೆಯಿಂದಲೇ ಹಾಗಾಗಿತ್ತು ಎಂದು ಆಗ ತಿಳಿಯಿತು. ಆದರೆ ಆ ಖುಷಿ ಮಳೆಗಾಲದ ತನಕ. ಜೂನ್‌ನಲ್ಲಿ ಕಾಯಿಲೆ ವಾಪಸ್ ಬಂತು, ಮೊದಲಿಗಿಂತ ಕೆಟ್ಟದಾಗಿ. ಕೊರೋನಾ ಕಾಲ ಬೇರೆ. ಜುಲೈಯಲ್ಲಿ ಒಂದು ಸಂಜೆ ನನ್ನ ಮಗಳು ಕೆರೆ ಏರಿಯಿಂದ ನನ್ನ ಕೈ ಹಿಡಿದು ಮನೆಗೆ ಕರೆದುಕೊಂಡು ಬಂದಳು. ಅದರ ಬಗ್ಗೆ ಇಷ್ಟು ಸಾಕು.

ಆಮೇಲೆ ತೋರಿಸಿದ ಡಾಕ್ಟರ್ ನನಗಿಂತ ಚಿಕ್ಕವರು. ನನ್ನ ಗಂಡನನ್ನು ಸ್ವಲ್ಪ ಹೊರಗೆ ಕೂರಲು ಹೇಳಿ ಬಾಗಿಲು ಹಾಕಿದರು. "ಅಮ್ಮಾ, ಹಿಂದಿನ ಮಾತ್ರೆ ಯಾಕೆ ಬಿಟ್ರಿ? ಗಂಡ ಹೆಂಡತಿ ಸೇರೋ ವಿಷಯದಲ್ಲಿ ಏನಾದ್ರೂ ತೊಂದರೆ ಆಗಿತ್ತಾ? ಈ ಮಾತ್ರೆಯಲ್ಲಿ ತುಂಬಾ ಜನಕ್ಕೆ ಆಗುತ್ತೆ."

ತುಂಬಾ ಜನಕ್ಕೆ ಆಗುತ್ತೆ. ಅಷ್ಟೇ ಮಾತು. ನಾನು ಸೆರಗು ಬಾಯಿಗೆ ಒತ್ತಿಕೊಂಡು ಅತ್ತೆ. ಅವರು ಬರೆಯುವುದನ್ನು ನಿಲ್ಲಿಸಿ ಸುಮ್ನೆ ಕಾದರು.

ಆ ಪ್ರಶ್ನೆ ಕೇಳಲು ಅವರಿಗೆ ಅರ್ಧ ನಿಮಿಷ ಹಿಡಿಯಿತು. ಅದನ್ನೇ ಒಂದು ವರ್ಷ ಮುಂಚೆ ಯಾರಾದರೂ ಕೇಳಿದ್ದರೆ ನಾನು ಮಾತ್ರೆ ಬಿಡುತ್ತಿರಲಿಲ್ಲ. ಕೆರೆ ಏರಿಗೆ ಹೋಗುತ್ತಿರಲಿಲ್ಲ. ಈ ಪತ್ರದಲ್ಲಿ ನಾನು ಬೇಡುತ್ತಿರುವುದು ಅದನ್ನೇ. ಕೇಳಿ. ಮಾತ್ರೆ ಶುರು ಮಾಡುವ ದಿನ ಹೇಳಿ, ಮತ್ತೆ ಬಂದಾಗ ಕೇಳಿ.

ನಾನು ಡಾಕ್ಟರಲ್ಲ. ಆದರೆ ಆಮೇಲೆ ಈ ವಿಷಯವನ್ನು ಕೇಳಿ, ಓದಿ, ಮಗಳ ಕೈಲಿ ಓದಿಸಿ ತಿಳಿದುಕೊಂಡೆ. ನಿಮಗೆ ಗೊತ್ತಿರುವುದೇ, ಆದರೂ ಓದುವ ಬೇರೆಯವರಿಗಾಗಿ ಬರೆಯುತ್ತೇನೆ.

ಎಸ್ಸಿಟಾಲೊಪ್ರಾಮ್, ಸರ್ಟ್ರಾಲಿನ್, ಫ್ಲುಆಕ್ಸೆಟಿನ್, ಪ್ಯಾರಾಕ್ಸೆಟಿನ್ ಇವೆಲ್ಲ ಒಂದೇ ಮನೆತನದ ಮಾತ್ರೆಗಳು. ಎಸ್‌ಎಸ್‌ಆರ್‌ಐ ಅನ್ನುತ್ತಾರೆ. ಮಿದುಳಿನಲ್ಲಿ ಸೆರೊಟೋನಿನ್ ಎನ್ನುವ ರಾಸಾಯನಿಕ ಜಾಸ್ತಿ ಹೊತ್ತು ಕೆಲಸ ಮಾಡುವ ಹಾಗೆ ಇವು ಮಾಡುತ್ತವೆ. ಅದರಿಂದ ಮನಸ್ಸಿನ ಭಾರ ಇಳಿಯುತ್ತದೆ. ಆದರೆ ಅದೇ ಸೆರೊಟೋನಿನ್, ಆಸೆಗೆ ಚುರುಕು ಕೊಡುವ ಡೋಪಮಿನ್ ಎನ್ನುವ ಇನ್ನೊಂದು ರಾಸಾಯನಿಕವನ್ನು ತಗ್ಗಿಸುತ್ತದೆ ಎನ್ನುತ್ತಾರೆ. ಸುಖದ ತುದಿ ಮುಟ್ಟುವುದನ್ನೂ ತಡ ಮಾಡುತ್ತದೆ. ಹೆಂಗಸರಲ್ಲಿ ಆಸೆ ಕಡಿಮೆ, ಒಣಗುವುದು, ತೃಪ್ತಿ ಸಿಗದಿರುವುದು. ಗಂಡಸರಲ್ಲಿ ಆಸೆ ಕಡಿಮೆ, ನಿಮಿರುವಿಕೆ ಬಾರದಿರುವುದು ಅಥವಾ ಉಳಿಯದಿರುವುದು, ವೀರ್ಯ ಬರುವುದು ತುಂಬ ತಡವಾಗುವುದು ಅಥವಾ ಬರದೇ ಇರುವುದು. ವೆನ್ಲಾಫ್ಯಾಕ್ಸಿನ್ ಥರದ ಮಾತ್ರೆಗಳಲ್ಲೂ ಇದು ಇದೆ. ಹಳೇ ಕಾಲದ ಕ್ಲೋಮಿಪ್ರಮಿನ್‌ನಲ್ಲಂತೂ ಜಾಸ್ತಿ. ಎಸ್‌ಎಸ್‌ಆರ್‌ಐಗಳ ಪೈಕಿ ಪ್ಯಾರಾಕ್ಸೆಟಿನ್ ಈ ವಿಷಯದಲ್ಲಿ ಮುಂದೆ. ಮನಸ್ಸಿಗೆ ಗುಣ ಕಾಣಲು ನಾಲ್ಕಾರು ವಾರ ಬೇಕು, ಈ ತೊಂದರೆ ಅದಕ್ಕೂ ಮುಂಚೆಯೇ ಬರಬಹುದು. ಮೊದಲ ತಿಂಗಳೇ ರೋಗಿ ಮಾತ್ರೆ ಬಿಟ್ಟುಬಿಡುವ ಅಪಾಯ ಅಲ್ಲೇ ಇದೆ.

ಇದು ಎಷ್ಟು ಗಟ್ಟಿಯಾದ ಪರಿಣಾಮ ಎಂದರೆ, ಇದನ್ನೇ ಔಷಧಿಯಾಗಿಯೂ ಮಾರುತ್ತಾರೆ. ಬೇಗ ವೀರ್ಯ ಹೋಗುತ್ತದೆ ಎನ್ನುವ ಗಂಡಸರಿಗೆ ಕೊಡುವ ಡಾಪಾಕ್ಸೆಟಿನ್ ಇದೇ ಮನೆತನದ್ದು, ಬೇಗ ಮೈಯಿಂದ ಇಳಿದುಹೋಗುವಂಥದ್ದು. ತಡ ಮಾಡುತ್ತದೆ ಎಂದು ಗೊತ್ತಿದ್ದೇ ಅಲ್ಲಿ ಕೊಡುತ್ತಾರೆ. ಹಾಗಾದರೆ ಖಿನ್ನತೆಗೆ ಕೊಡುವಾಗ ಯಾಕೆ ಹೇಳುವುದಿಲ್ಲ? ಇದು ನನಗೆ ಇವತ್ತಿಗೂ ಅರ್ಥವಾಗದ ಮಾತು.

ಇನ್ನೊಂದು ಲೆಕ್ಕ ನನ್ನನ್ನು ತುಂಬ ಕಾಡಿತು. 1997ರಲ್ಲಿ ಸ್ಪೇನ್ ದೇಶದ ವೈದ್ಯರು ಎಸ್‌ಎಸ್‌ಆರ್‌ಐ ಮಾತ್ರೆ ತೆಗೆದುಕೊಳ್ಳುವ 344 ಜನರ ಬಗ್ಗೆ ಒಂದು ವರದಿ ಪ್ರಕಟಿಸಿದರು. ರೋಗಿಗಳು ತಾವಾಗೇ ಹೇಳಿಕೊಂಡಾಗ ತೊಂದರೆ ಇದೆ ಎಂದವರು ನೂರಕ್ಕೆ 14. ಡಾಕ್ಟರೇ ನೇರವಾಗಿ ಕೇಳಿದಾಗ ನೂರಕ್ಕೆ 58. ಆಮೇಲೆ 2001ರಲ್ಲಿ 1,022 ಜನರನ್ನು ಕೇಳಿ ನೋಡಿದ ವರದಿ ಬಂತು. ಅದರಲ್ಲೂ ನೂರಕ್ಕೆ 59. ಗಂಡಸರಲ್ಲಿ ಹೆಚ್ಚು ಜನಕ್ಕೆ, ಹೆಂಗಸರಲ್ಲಿ ಹೆಚ್ಚು ತೀವ್ರವಾಗಿ.

ಹದಿನಾಲ್ಕಕ್ಕೂ ಐವತ್ತೆಂಟಕ್ಕೂ ನಡುವೆ ಬಾಯಿ ಮುಚ್ಚಿಕೊಂಡು ಕೂತವರು ನೂರಕ್ಕೆ ನಲವತ್ತನಾಲ್ಕು ಜನ. ಅದು ಸ್ಪೇನ್. ಇಲ್ಲಿ, ಡಾಕ್ಟರ ಕೋಣೆಗೆ ಅತ್ತೆಯನ್ನೋ ಮಗನನ್ನೋ ಕರೆದುಕೊಂಡು ಹೋಗುವ ನಮ್ಮ ಊರಿನಲ್ಲಿ, ತಾವಾಗೇ ಹೇಳುವವರು ಎಷ್ಟು ಮಂದಿ ಇರಬಹುದು? ನಾನಂತೂ ಹೇಳಿರಲಿಲ್ಲ. "ಮಾತ್ರೆ ಸರಿಹೋಗ್ತಾ ಇದೆಯಾ?" ಎಂದಾಗ "ಹೂಂ ಡಾಕ್ಟ್ರೇ" ಎಂದು ತಲೆ ಆಡಿಸಿ ಬಂದವಳು ನಾನು. ನನ್ನಂಥವರು ಹೇಳಿಲ್ಲ ಎಂದ ಮಾತ್ರಕ್ಕೆ ತೊಂದರೆ ಇಲ್ಲ ಎಂದು ದಯವಿಟ್ಟು ಬರೆದುಕೊಳ್ಳಬೇಡಿ.

ನನಗೆ ಪರಿಚಯದ ಒಬ್ಬ ವೈದ್ಯರಿಗೆ ಇದನ್ನು ಹೇಳಿದಾಗ ಅವರು, "ಮೊದಲೇ ಹೇಳಿದರೆ ಜನ ಹೆದರಿ ಮಾತ್ರೆನೇ ತಗೊಳಲ್ಲ. ಹೇಳಿದ ಮೇಲೆ ಇಲ್ಲದ್ದೂ ಬಂದ ಹಾಗೆ ಅನಿಸುತ್ತೆ," ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ಅದರಲ್ಲಿ ಸ್ವಲ್ಪ ನಿಜವೂ ಇದೆ. ಆದರೆ ನಾನು ಈ ಮನೆಗೆ ಸೊಸೆಯಾಗಿ ಬಂದ ವರ್ಷದ ಒಂದು ಸಂಗತಿ ಹೇಳುತ್ತೇನೆ.

ಕಕ್ಕಡ ಹದಿನೆಂಟು, ಅಂದರೆ ಕೊಡಗಿನ ಕಕ್ಕಡ ತಿಂಗಳ ಹದಿನೆಂಟನೇ ದಿನ. ಆಗಸ್ಟ್ 3ರ ಸುಮಾರಿಗೆ ಬರುತ್ತದೆ. ಅವತ್ತು ಇಲ್ಲಿ ಮದ್ದು ಸೊಪ್ಪು ಬೇಯಿಸಿ, ಆ ನೇರಳೆ ಬಣ್ಣದ ನೀರಿನಲ್ಲಿ ಪಾಯಸ ಮಾಡುತ್ತಾರೆ. ಹದಿನೆಂಟು ಮದ್ದಿನ ಗುಣ ಅದರಲ್ಲಿದೆ ಎನ್ನುತ್ತಾರೆ. ನಮ್ಮ ಅರಕಲಗೂಡು ಕಡೆ ನಾನು ಅದನ್ನು ನೋಡಿದವಳೇ ಅಲ್ಲ. ಅತ್ತೆ ಬಟ್ಟಲು ಕೈಗೆ ಕೊಡುವಾಗಲೇ ಕಿವಿಯ ಹತ್ತಿರ ಬಂದು, "ನಾಳೆ ಬೆಳಗ್ಗೆ ಮೂತ್ರ ಕೆಂಪಗೆ ಹೋಗ್ತದೆ. ಹೆದರಬೇಡ ಮಗಳೇ, ಎಲ್ಲರಿಗೂ ಹೋಗ್ತದೆ. ಒಂದು ದಿನಕ್ಕೆ ಸರಿಯಾಗ್ತದೆ," ಎಂದರು. ಬೆಳಗ್ಗೆ ಹಾಗೇ ಆಯಿತು. ನಾನು ಹೆದರಲಿಲ್ಲ. ಅವರು ಹೇಳದೇ ಇದ್ದಿದ್ದರೆ ರಕ್ತ ಹೋಗುತ್ತಿದೆ ಎಂದು ಕಿರುಚಿಕೊಂಡು ತವರಿಗೆ ಫೋನ್ ಮಾಡಿರುತ್ತಿದ್ದೆ. ಮುಂದಿನ ವರ್ಷ ಆ ಪಾಯಸ ಮುಟ್ಟುತ್ತಲೂ ಇರಲಿಲ್ಲ.

ಕೊಡಗಿನಲ್ಲಿ ಮದ್ದು ಕೊಡುವ ರೀತಿಯೇ ಇದು. ಮೂತ್ರದ ವಿಷಯ, ನಾಚಿಕೆ ವಿಷಯ, ಹೊಸ ಸೊಸೆ. ಆದರೂ ಅತ್ತೆ ಹೇಳಿದರು. ಬಿಳಿ ಕೋಟು ಹಾಕಿದ ನೀವು ಹೇಳಲಾರಿರಾ? ಹೇಳದೇ ಹೋದರೆ ಜನ ಮಾತ್ರೆ ತೆಗೆದುಕೊಳ್ಳುತ್ತಲೇ ಇರುತ್ತಾರೆ ಎನ್ನುವುದು ಸರಿಯಲ್ಲ. ನನ್ನ ಹಾಗೆ ಗುಟ್ಟಾಗಿ ಬಿಡುತ್ತಾರೆ. ನಿಮ್ಮ ಹತ್ತಿರ ಬಂದು ತೆಗೆದುಕೊಳ್ಳುತ್ತಿದ್ದೇನೆ ಎಂದು ಸುಳ್ಳು ಹೇಳುತ್ತಾರೆ. ನೀವು ಮಾತ್ರೆ ಕೆಲಸ ಮಾಡುತ್ತಿಲ್ಲ ಎಂದು ಡೋಸ್ ಜಾಸ್ತಿ ಮಾಡುತ್ತೀರಿ.

ಖಿನ್ನತೆಯಿಂದಲೇ ಆಸೆ ಹೋಗಿರುತ್ತದೆ, ಮಾತ್ರೆಯಿಂದ ಅಂತ ಹೇಗೆ ಹೇಳುವುದು ಎಂದೂ ಕೇಳಬಹುದು. ನಿಜ, ಖಿನ್ನತೆಯೂ ಆಸೆ ಕೊಲ್ಲುತ್ತದೆ. ಸಕ್ಕರೆ ಕಾಯಿಲೆ, ಬಿಪಿ, ಕುಡಿತ, ಮುಟ್ಟು ನಿಲ್ಲುವ ವಯಸ್ಸು, ಇವೂ ಕಾರಣ ಆಗಬಹುದು. ಹಾಗಾಗಿಯೇ ಮಾತ್ರೆ ಶುರು ಮಾಡುವ ಮುಂಚೆ ಒಮ್ಮೆ ಕೇಳಿಟ್ಟುಕೊಳ್ಳಬೇಕು. ಮುಂಚೆ ಹೇಗಿತ್ತು ಎಂದು ಬರೆದಿಟ್ಟರೆ ತಾನೇ ಆಮೇಲೆ ಏನು ಬದಲಾಯಿತು ಎಂದು ಗೊತ್ತಾಗುವುದು.

ಈಗ ಕಾನೂನಿನ ಮಾತು. ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017. ಇದು ಜಾರಿಗೆ ಬಂದದ್ದು 2018ರ ಮೇ 29ಕ್ಕೆ. ನಮ್ಮ ಗುಡ್ಡ ಜಾರುವ ಎರಡೂವರೆ ತಿಂಗಳ ಮುಂಚೆ. ಅದರ 22ನೇ ಸೆಕ್ಷನ್ ಪ್ರಕಾರ ರೋಗಿಗೆ ತನ್ನ ಕಾಯಿಲೆ ಏನು, ಕೊಡುವ ಚಿಕಿತ್ಸೆ ಏನು, ಆ ಚಿಕಿತ್ಸೆಯಿಂದ ಗೊತ್ತಿರುವ ಅಡ್ಡ ಪರಿಣಾಮ ಏನು ಎಂದು ತಿಳಿಯುವ ಹಕ್ಕಿದೆ. ಅದೂ ರೋಗಿಗೆ ಅರ್ಥವಾಗುವ ಭಾಷೆಯಲ್ಲಿ, ಅರ್ಥವಾಗುವ ರೀತಿಯಲ್ಲಿ. ಹಾಗಾಗಿ ನಾನು ಕೇಳುತ್ತಿರುವುದು ಯಾರ ದಯೆಯೂ ಅಲ್ಲ. ಜಿಲ್ಲಾ ಆರೋಗ್ಯಾಧಿಕಾರಿಗಳು ಈ ಒಂದು ಸೆಕ್ಷನ್ ಅನ್ನು ಕನ್ನಡದಲ್ಲಿ ಅಚ್ಚು ಹಾಕಿಸಿ ಪ್ರತಿ ಆಸ್ಪತ್ರೆಯ ಗೋಡೆಗೆ ಅಂಟಿಸಿದರೂ ನನಗೆ ಅರ್ಧ ಸಮಾಧಾನ.

ಅರ್ಥವಾಗುವ ಭಾಷೆ ಎಂದಾಗ ತೋಟದ ಕೆಲಸದವರು ಇರುವ ನಮ್ಮ ಲೈನ್ ಮನೆಗಳನ್ನೂ ನೆನೆಯಬೇಕು. ಅಲ್ಲಿ ಯರವ ಮಾತು ಇದೆ, ಮಲಯಾಳ ಇದೆ, ತಮಿಳು ಇದೆ, ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ನನಗೆ ಕನ್ನಡದಲ್ಲೇ ಸಿಗದ ಮಾತು ಅವರಿಗೆ ಯಾವ ಭಾಷೆಯಲ್ಲಿ ಸಿಗಬೇಕು?

ಗಂಡಸರ ವಿಷಯ ಸ್ವಲ್ಪ ಹೇಳಲೇಬೇಕು. ಈ ಪತ್ರ ಬರೆಯುತ್ತೇನೆ ಎಂದಾಗ ನನ್ನ ಗಂಡ ತಮಗೆ ಗೊತ್ತಿರುವ ಒಬ್ಬರ ಕಥೆ ಹೇಳಿದರು. ಹೆಸರು ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ಮನುಷ್ಯ ಇದೇ ಥರದ ಮಾತ್ರೆ ತೆಗೆದುಕೊಳ್ಳುತ್ತಿದ್ದರು. ನಿಮಿರುವಿಕೆ ಹೋಯಿತು. ಮಾತ್ರೆ ಕೊಟ್ಟ ಡಾಕ್ಟರಿಗೆ ಹೇಳಲು ನಾಚಿಕೆ. ಬಸ್‌ಸ್ಟ್ಯಾಂಡ್ ಗೋಡೆಯ ಮೇಲೆ ಗುಪ್ತ ಸಮಸ್ಯೆಗೆ ಪರಿಹಾರ ಎಂದು ಪೋಸ್ಟರ್ ಇರುತ್ತದಲ್ಲ, ಲಾಡ್ಜಿಗೆ ತಿಂಗಳಿಗೊಮ್ಮೆ ಬಂದು ಕೂರುವವರು, ಅವರ ಹತ್ತಿರ ಹೋದರು. ಲೇಹ್ಯ, ಪುಡಿ, ಎಣ್ಣೆ ಎಂದು ಒಂದು ವರ್ಷದ ಕರಿಮೆಣಸಿನ ದುಡ್ಡು ಅಲ್ಲಿಗೆ ಹೋಯಿತು. ಗುಣ ಆಗಲಿಲ್ಲ. ಕುಡಿತ ಜಾಸ್ತಿ ಆಯಿತು. ಡಾಕ್ಟರ ಕೋಣೆಯಲ್ಲಿ ಬಾಯಿ ಬಿಡಲು ಆಗದ ಮಾತಿಗೆ ಲಾಡ್ಜಿನ ಕೋಣೆಯಲ್ಲಿ ಬಾಯಿ ಬಂತು, ಯಾಕೆಂದರೆ ಅಲ್ಲಿ ಅವರೇ ಮೊದಲು ಕೇಳುತ್ತಾರೆ. ಇದನ್ನು ದಯವಿಟ್ಟು ಯೋಚನೆ ಮಾಡಿ.

ಮದುವೆಯಾಗದವರು, ಗಂಡ ತೀರಿಕೊಂಡವರು, ಕಾಲೇಜಿಗೆ ಹೋಗುವ ಹುಡುಗ ಹುಡುಗಿಯರು ಇವರನ್ನೂ ಬಿಡಬೇಡಿ. "ನಿನಗೆ ಯಾಕೆ ಈಗ ಅದು" ಎನ್ನಬೇಡಿ. ಮೈ ಅವರದೂ ಇದೆ.

ದಾರಿ ಇಲ್ಲದ ವಿಷಯ ಆಗಿದ್ದರೆ ಹೇಳಿ ಏನು ಪ್ರಯೋಜನ ಅನ್ನಬಹುದಿತ್ತು. ಆದರೆ ಇದಕ್ಕೆ ದಾರಿಗಳಿವೆ. ಕೆಲವರಿಗೆ ಕೆಲವು ತಿಂಗಳಲ್ಲಿ ತಾನಾಗೇ ಸ್ವಲ್ಪ ಸರಿಯಾಗುತ್ತದೆ, ಎಲ್ಲರಿಗೂ ಅಲ್ಲ. ಕಾಯಿಲೆ ಹತೋಟಿಯಲ್ಲಿದ್ದರೆ ಡೋಸ್ ಕಡಿಮೆ ಮಾಡಿ ನೋಡಬಹುದು. ಬೇರೆ ಮಾತ್ರೆಗೆ ಬದಲಾಯಿಸಬಹುದು. ಬುಪ್ರೊಪಿಯಾನ್, ಮಿರ್ಟಾಜಪಿನ್, ವೋರ್ಟಿಯಾಕ್ಸೆಟಿನ್ ಇವುಗಳಲ್ಲಿ ಈ ತೊಂದರೆ ಕಡಿಮೆ. ಬುಪ್ರೊಪಿಯಾನ್ ಫಿಟ್ಸ್ ಇರುವವರಿಗೆ ಆಗುವುದಿಲ್ಲ. ಗಂಡಸರಿಗೆ ಸಿಲ್ಡೆನಾಫಿಲ್ ಸೇರಿಸಿ ಕೊಡುವುದೂ ಇದೆ. ಆದರೆ ಅದು ಎದೆನೋವಿಗೆ ನೈಟ್ರೇಟ್ ಮಾತ್ರೆ ತೆಗೆದುಕೊಳ್ಳುವವರಿಗೆ ಜೀವಕ್ಕೇ ಅಪಾಯ, ಹಾಗಾಗಿ ಮೆಡಿಕಲ್‌ನಲ್ಲಿ ಗುಟ್ಟಾಗಿ ತರುವುದಲ್ಲ. ಮಾತ್ರೆ ಒಂದೇ ಅಲ್ಲ, ಕೂತು ಮಾತಾಡುವ ಚಿಕಿತ್ಸೆಯೂ ಖಿನ್ನತೆಗೆ ಇದೆ. ಇದರಲ್ಲಿ ಯಾವುದು ಯಾರಿಗೆ ಎಂದು ತೀರ್ಮಾನಿಸಲು ನೀವಿದ್ದೀರಿ. ತೀರ್ಮಾನ ಮಾಡಬೇಕಾದರೆ ತೊಂದರೆ ಇದೆ ಎಂದು ನಿಮಗೆ ಗೊತ್ತಾಗಬೇಕು.

ನನಗೆ ಮಿರ್ಟಾಜಪಿನ್ ಕೊಟ್ಟರು. ನಿದ್ದೆ ಚೆನ್ನಾಗಿ ಬಂತು. ಹಸಿವೂ ಬಂತು, 6 ಕಿಲೋ ಜಾಸ್ತಿಯಾದೆ. ಅದನ್ನೂ ಡಾಕ್ಟರು ಮೊದಲೇ ಹೇಳಿದ್ದರು, ಅನ್ನ ಕಡಿಮೆ ಮಾಡಿ ಬೆಳಗ್ಗೆ ತೋಟ ಸುತ್ತುತ್ತೇನೆ. ಮೈ ಪೂರ್ತಿ ಮೊದಲಿನ ಹಾಗೆ ಎಂದು ಹೇಳಲಾರೆ. ಆದರೆ ಹಾಲಿನ ಮಂಚದ ಮೇಲೆ ಈಗ ಒಣಗಿದ ಬಟ್ಟೆ ಮಡಚಿಡುತ್ತೇನೆ.

ಕಷ್ಟದ ಮಾತೊಂದು ಉಳಿದಿದೆ. ಬರೆಯುವುದೋ ಬೇಡವೋ ಎಂದು ತುಂಬ ಯೋಚಿಸಿದೆ. ಹೆಚ್ಚಿನವರಿಗೆ ಮಾತ್ರೆ ನಿಲ್ಲಿಸಿದರೆ ಅಥವಾ ಬದಲಾಯಿಸಿದರೆ ಇದು ಸರಿಹೋಗುತ್ತದೆ. ಕೆಲವರಿಗೆ ನಿಲ್ಲಿಸಿದ ಮೇಲೂ ತಿಂಗಳುಗಟ್ಟಲೆ, ವರ್ಷಗಟ್ಟಲೆ ಉಳಿದಿರುವ ವರದಿಗಳಿವೆ. 2019ರಲ್ಲಿ ಯುರೋಪಿನ ಔಷಧ ಸಂಸ್ಥೆಯ ಸುರಕ್ಷತಾ ಸಮಿತಿ ಈ ಎಚ್ಚರಿಕೆಯನ್ನು ಮಾತ್ರೆಯ ಹಾಳೆಯಲ್ಲಿ ಸೇರಿಸಬೇಕು ಎಂದಿತು. ಹಾಗೆ ಉಳಿದವರು ಬಂದು ಹೇಳಿದರೆ "ಅದೆಲ್ಲ ನಿಮ್ಮ ಮನಸ್ಸಿನದು" ಎಂದು ಕಳಿಸಬೇಡಿ. ಬರೆದುಕೊಳ್ಳಿ. ಔಷಧಿಯ ಅಡ್ಡ ಪರಿಣಾಮ ದಾಖಲಿಸಲು ನಮ್ಮ ದೇಶದಲ್ಲಿ 2010ರಿಂದ ಫಾರ್ಮಾಕೋವಿಜಿಲೆನ್ಸ್ ಕಾರ್ಯಕ್ರಮ ಇದೆ. 1800-180-3024ಕ್ಕೆ ರೋಗಿಯೇ ಫೋನ್ ಮಾಡಿ ಹೇಳಬಹುದು. ಈ ನಂಬರ್ ನಮ್ಮ ಯಾವ ಮೆಡಿಕಲ್ ಶಾಪಿನಲ್ಲೂ ನನ್ನ ಕಣ್ಣಿಗೆ ಬಿದ್ದಿಲ್ಲ.

ಹಾಗಾದರೆ ಏನು ಮಾಡಬೇಕು ಎಂದು ನೀವು ಕೇಳಿದರೆ, ದೊಡ್ಡ ಖರ್ಚಿನದು ಏನೂ ಇಲ್ಲ. ರೋಗಿ ಒಬ್ಬರೇ ಎರಡು ನಿಮಿಷ ಡಾಕ್ಟರ ಜೊತೆ ಇರುವ ಹಾಗೆ ಬಾಗಿಲು ಹಾಕಿಸಿ. ಬಾಗಿಲಿಲ್ಲದ ಕಡೆ ಒಂದು ಪರದೆ ಎಳೆಸಿ, ಬೆನ್ನ ಹಿಂದೆ ನಿಲ್ಲುವವರನ್ನು ಹೊರಗೆ ಕೂರಿಸಿ. ಹೆಂಗಸರಿಗೆ ಹೇಳಿಕೊಳ್ಳಲು ಒಬ್ಬ ನರ್ಸ್ ಅಕ್ಕ ಇದ್ದರೆ ಇನ್ನೂ ಒಳ್ಳೆಯದು. ಮಡಿಕೇರಿಯ ವೈದ್ಯಕೀಯ ಕಾಲೇಜಿನಲ್ಲಿ ಓದುತ್ತಿರುವ ಮಕ್ಕಳಿಗೆ ಈ ಪ್ರಶ್ನೆಯನ್ನು ಕನ್ನಡದಲ್ಲಿ, ನಾಚದೆ, ರೋಗಿಗೂ ನಾಚಿಕೆ ಆಗದ ಹಾಗೆ ಕೇಳುವುದನ್ನು ಅಭ್ಯಾಸ ಮಾಡಿಸಿ. ಬಿಪಿ ನೋಡುವುದನ್ನು ಕಲಿಸುವ ಹಾಗೆ ಕಲಿಸಿ. ಮೆಡಿಕಲ್ ಶಾಪಿನವರು ಸ್ಟ್ರಿಪ್ ಕತ್ತರಿಸಿ ಕೊಟ್ಟರೂ ಒಂದು ಕನ್ನಡದ ಚೀಟಿ ಕವರಿನೊಳಗೆ ಹಾಕಿ. ಆ ಚೀಟಿ ನಾನೇ ಬರೆದು ಕೆಳಗೆ ಕೊಟ್ಟಿದ್ದೇನೆ. ವೈದ್ಯರು ತಿದ್ದಿ, ಜಿಲ್ಲೆಯಲ್ಲಿ ಅಚ್ಚು ಹಾಕಿಸಿ. "ಸೇರುವಾಗ" ಎನ್ನುವ ಮಾತು ನನ್ನ ಗಂಡ ಹಾಕಿಸಿದ್ದು. ನಾನು ಮೊದಲು "ಲೈಂಗಿಕ ಕ್ರಿಯೆಯಲ್ಲಿ" ಎಂದು ಬರೆದಿದ್ದೆ. ಹಾಗೆ ಬರೆದರೆ ನಮ್ಮ ತೋಟದಲ್ಲಿ ಯಾರೂ ಓದುವುದಿಲ್ಲ ಎಂದರು.

"ಈ ಮಾತ್ರೆ ಮನಸ್ಸಿನ ಕಾಯಿಲೆಗೆ. ಗುಣ ಕಾಣಲು 4ರಿಂದ 6 ವಾರ ಬೇಕಾಗಬಹುದು. ಇದನ್ನು ತೆಗೆದುಕೊಳ್ಳುವಾಗ ತುಂಬ ಜನಕ್ಕೆ ಆಸೆ ಕಡಿಮೆಯಾಗಬಹುದು. ಸೇರುವಾಗ ಮೈ ಮರಗಟ್ಟಿದ ಹಾಗೆ, ಒಣಗಿದ ಹಾಗೆ, ತೃಪ್ತಿ ಸಿಗದ ಹಾಗೆ ಆಗಬಹುದು. ಗಂಡಸರಿಗೆ ನಿಮಿರದೇ ಇರಬಹುದು, ವೀರ್ಯ ತಡವಾಗಬಹುದು. ಇದು ಮಾತ್ರೆಯಿಂದ ಆಗಿರಬಹುದು. ನಿಮ್ಮ ತಪ್ಪಲ್ಲ, ನಿಮ್ಮ ಗಂಡನ ಅಥವಾ ಹೆಂಡತಿಯ ತಪ್ಪೂ ಅಲ್ಲ. ಮನೆಯಲ್ಲಿ ಇಬ್ಬರೂ ಓದಿ. ನೀವಾಗಿ ಮಾತ್ರೆ ನಿಲ್ಲಿಸಬೇಡಿ. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ತಲೆಯಲ್ಲಿ ಕರೆಂಟ್ ಹೊಡೆದ ಹಾಗೆ ಆಗುವುದು, ಕಾಯಿಲೆ ಮರಳಿ ಬರುವುದು ಉಂಟು. ಡಾಕ್ಟರಿಗೆ ಹೇಳಿ. ಬಾಯಲ್ಲಿ ಹೇಳಲು ಆಗದಿದ್ದರೆ ಈ ಚೀಟಿಯಲ್ಲಿ ಇಲ್ಲಿ ಒಂದು ಗೆರೆ ಎಳೆದು ಡಾಕ್ಟರ ಕೈಗೆ ಕೊಡಿ. ಅವರು ಬೇರೆ ದಾರಿ ನೋಡುತ್ತಾರೆ. ತುಂಬ ಬೇಸರವಾಗಿ ಬದುಕು ಬೇಡ ಅನಿಸಿದರೆ ಸರ್ಕಾರದ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು."

ನನ್ನ ಹೆಸರು ಹಾಕಿಲ್ಲ. ಇದರಲ್ಲಿ ನನ್ನ ಗಂಡನ ಮಾತೂ ಇದೆ, ಮಗಳೂ ಬರುತ್ತಾಳೆ. ಇಬ್ಬರೂ ಓದಿ ಒಪ್ಪಿದ ಮೇಲೇ ಕಳಿಸುತ್ತಿದ್ದೇನೆ.

ಇಂತಿ,
ಮಾದಾಪುರ ಕಡೆಯ ಒಬ್ಬ ಕಾಫಿ ಬೆಳೆಗಾರ್ತಿ